ಲಾರಿಯ ಬಾಯಲ್ಲಿ ಲೆಲೆರುಕ್

ಲೆಲೆರುಕ್‌ನ ಬಾವಿ ಆ ವರ್ಷ ಐದಾಳು ಆಳಕ್ಕೆ ಇಳಿದಿತ್ತು. ಒಣಗಿದ ಹೊಳೆಯ ಮರಳನ್ನು ತೋಡುತ್ತ ಹೋಗಬೇಕು. ಕುಸಿದರೆ ಮತ್ತೆ ತೋಡಬೇಕು. ನೀರು ಸಿಕ್ಕ ಮೇಲೆ ಗೋಡೆಗೆ ಮೆಟ್ಟಿಲು ಕೊರೆದು, ಒಬ್ಬರ ತಲೆಯ ಮೇಲೊಬ್ಬರು ನಿಂತು, ಎಣ್ಣೆಡಬ್ಬ ಕತ್ತರಿಸಿ ಮಾಡಿದ ಬಕೆಟ್ಟನ್ನು ಕೈಯಿಂದ ಕೈಗೆ ಎಸೆಯಬೇಕು. ತುಂಬಿದ್ದು ಮೇಲಕ್ಕೆ, ಬರಿದಾದದ್ದು ಕೆಳಕ್ಕೆ. ಎಲ್ಲರಿಗಿಂತ ಕೆಳಗೆ ನಿಲ್ಲುವವನು ಬಾವಿಯ ಯಜಮಾನ. ಲೆಲೆರುಕ್‌ಗೆ ಸೊಂಟದವರೆಗೆ ಕೆಸರು, ಮೈಮೇಲೆ ನೂಲಿಲ್ಲ. ಬೆಳಿಗ್ಗೆ ಇಳಿದರೆ ಸೂರ್ಯ ನೆತ್ತಿಗೆ ಬಂದ ಮೇಲೆಯೇ ಬಾವಿಯ ತಳಕ್ಕೆ ಬೆಳಕು. ಅಷ್ಟು ಹೊತ್ತಿಗೆ ಹೆಗಲಿನ ಕೀಲು ಹೆಗಲಲ್ಲಿ ಇರುವುದಿಲ್ಲ, ಕಿವಿಯ ಹಿಂದೆ ಬಂದು ಕುಳಿತಿರುತ್ತದೆ.

ಆ ಕೆಲಸ ಬಾಯಿ ಮುಚ್ಚಿಕೊಂಡು ಮಾಡುವಂಥದ್ದಲ್ಲ. ಹಾಡಲೇಬೇಕು. ಹಾಡಿನ ಲೆಕ್ಕಕ್ಕೆ ಬಕೆಟ್ಟು ಏರುತ್ತದೆ. ತಪ್ಪಿದರೆ ಯಾರದಾದರೂ ಹಣೆ ಒಡೆಯುತ್ತದೆ. ಆ ಹೊಳೆಯುದ್ದಕ್ಕೆ ಹನ್ನೆರಡು ಬಾವಿ, ಹನ್ನೆರಡು ಮನೆತನ, ಹನ್ನೆರಡು ಹಾಡು. ದಡದ ಮೇಲೆ ಐನೂರು ದನ ಕಲೆತು ನಿಂತಿದ್ದರೂ ಲೆಲೆರುಕ್ ಬಾಯಿ ತೆರೆದರೆ ಅವನವು ಮಾತ್ರ ತಲೆ ಎತ್ತುತ್ತವೆ, ಬೇರೆಯವನ್ನು ಸರಿಸಿಕೊಂಡು ಇಳಿದು ಬರುತ್ತವೆ. ಕಾಯುವವ ಬೇಡ, ಕೋಲು ಬೇಡ. ಅವನ ಅಪ್ಪನ ಹಾಡು ಅದು. ಅಪ್ಪನ ಅಪ್ಪನದು. ಹಸುಗಳ ಹೆಸರು ಬದಲಾಗುತ್ತ ಬಂದಿವೆ, ರಾಗ ಬದಲಾಗಿಲ್ಲ.

ಅದಕ್ಕೊಂದು ಕಟ್ಟು ಇತ್ತು. ತೊಟ್ಟಿಗೆ ನೀರು ಬೀಳದೆ ಹಾಡು ಎತ್ತುವಂತಿಲ್ಲ. ಮದುವೆ ಮನೆಯಲ್ಲಿ ಹಾಡುವಂತಿಲ್ಲ, ಬೇಸರಕ್ಕೆ ಹಾಡುವಂತಿಲ್ಲ, ಕುಡಿದು ಹಾಡುವಂತಿಲ್ಲ. ಬಾಯಾರಿದ ದನಕ್ಕೆ ಸುಳ್ಳು ಹೇಳಿದ ಹಾಗಾಗುತ್ತದೆ. ಲೆಲೆರುಕ್‌ಗೆ ಐವತ್ತು ದಾಟಿತ್ತು. ಒಂದು ಸಲವೂ ಸುಳ್ಳು ಹೇಳಿರಲಿಲ್ಲ.

ಮುತುರಿ ಬಂದದ್ದು ಮೂರು ಒಣಗಾಲದ ಹಿಂದೆ. ನೈರೋಬಿಯ ಹೊರಗಿರುವ ಒಂದು ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದವನು. ಇವರ ಹಾಗೆ ದನ ಕಾಯುವ ಸಾಂಬುರು ಮನುಷ್ಯನಲ್ಲ, ದಕ್ಷಿಣದಲ್ಲಿ ಆಲೂಗಡ್ಡೆ ಬೆಳೆಯುವ ಬೆಟ್ಟದ ಕಡೆಯವನು. ನಂಪಾಸೊ, ಅಂದರೆ ಲೆಲೆರುಕ್‌ನ ಹೆಂಡತಿ, ಮೊದಲ ದಿನವೇ ಅವನಿಗೆ ಆಲೂಗಡ್ಡೆ ಅಂತ ಹೆಸರಿಟ್ಟಳು. ಹಾಡುಗಳನ್ನು ಕೂಡಿಡಬೇಕು, ನಾಳೆ ನಿಮ್ಮ ಮೊಮ್ಮಕ್ಕಳು ಕೇಳಬೇಕು ಎಂದ. ದನಿ ಹಿಡಿದಿಡುವ ಪೆಟ್ಟಿಗೆ ತೆಗೆದ, ಪೆಟ್ಟಿಗೆಗೆ ಉದ್ದನೆಯ ಕೊಕ್ಕು. ಹನ್ನೆರಡು ಮನೆತನದವರೂ ನಕ್ಕು ಕಳಿಸಿದರು.

ಅವನು ಹೋಗಲಿಲ್ಲ. ಅಂಗಿ ಬಿಚ್ಚಿ ಲೆಲೆರುಕ್‌ನ ಬಾವಿಗೆ ಇಳಿದ. ಮೂರನೇ ಮೆಟ್ಟಿಲಲ್ಲಿ ನಿಂತ. ಮೊದಲ ದಿನ ಮಧ್ಯಾಹ್ನದ ಹೊತ್ತಿಗೆ ಅಂಗೈ ಬೊಬ್ಬೆ ಎದ್ದು ಒಡೆಯಿತು.

"ಆಗ ತಾನೇ ಹುಟ್ಟಿದ ಕರುವಿನ ಗೊರಸು ಇದ್ದಂಗಿದೆ ನಿನ್ನ ಕೈ. ಹೋಗಪ್ಪ ಆಲೂಗಡ್ಡೆ, ಮನೆಗೆ ಹೋಗಿ ಅಮ್ಮನ ಹತ್ರ ಊದಿಸ್ಕೋ," ಅಂದಳು ನಂಪಾಸೊ. ಅಂದವಳೇ ಆ ಸಂಜೆ ಅವನ ಅಂಗೈಗೆ ಕೊಬ್ಬು ಸವರಿದಳು.

ಹನ್ನೊಂದು ದಿನ ನಿಂತ. ಬಾವಿಯ ಸಾಲಿನಲ್ಲಿ ನಿಂತು ನೀರೆತ್ತಿದವನು ಆ ಬಾವಿಯವನೇ ಆಗಿಬಿಡುತ್ತಾನೆ. ಅವನಿಗೆ ಮುಚ್ಚಿಡುವುದು ಅಂತ ಏನೂ ಉಳಿಯುವುದಿಲ್ಲ. ಮೂರನೇ ಮೆಟ್ಟಿಲಿಗೆ ಮುತುರಿಯ ಮೆಟ್ಟಿಲು ಅಂತಲೇ ಹೆಸರಾಯಿತು. ಅವನು ಲೆಲೆರುಕ್‌ನನ್ನು ಅಪ್ಪಯ್ಯ ಎಂದು ಕರೆದ. ಹನ್ನೆರಡನೆಯ ದಿನ ಒಂದು ಮಾತು ಕೇಳಿದ. ಬಾವಿಯಲ್ಲಿ ಬಕೆಟ್ಟಿನ ಸದ್ದು, ಗಾಳಿ, ಪಕ್ಕದ ಬಾವಿಯವರ ಹಾಡು, ಎಲ್ಲ ಕಲಸಿಕೊಳ್ಳುತ್ತಿದೆ, ಒಂದೇ ಒಂದು ಸಲ ನನ್ನ ಡೇರೆಯೊಳಗೆ ಕೂತು ಹಾಡಿಕೊಡಿ ಎಂದ.

ನೀರಿಲ್ಲದೆ ಆಗದಪ್ಪ ಎಂದ ಲೆಲೆರುಕ್. ಆಮೇಲೆ ರಾತ್ರಿಯೆಲ್ಲ ಯೋಚಿಸಿದ. ಹುಡುಗ ರಕ್ತ ಸುರಿಸಿ ನೀರೆತ್ತಿದ್ದಾನೆ, ಬರಿಗೈಯಲ್ಲಿ ಕಳಿಸುವುದು ಹೇಗೆ. ಬೆಳಿಗ್ಗೆ ಒಂದು ಬೋಗುಣಿ ತುಂಬ ನೀರು ಹೊತ್ತುಕೊಂಡು ಡೇರೆಗೆ ಹೋದ. ಹಿಂದೆ ಒಂದು ಕರುವನ್ನೂ ಎಳೆದುಕೊಂಡು ಹೋದ. ಬೋಗುಣಿ ಇಟ್ಟು, ಕರುವನ್ನು ಮುಂದೆ ಬಿಟ್ಟು, ಹಾಡಿದ. ಎರಡನೇ ಸಾಲು ಮುಗಿಯುವಾಗ ಕರು ಸೊರ್ ಅಂತ ನೀರು ಹೀರಿತು. ಹಾಡು ಮಾತು ಉಳಿಸಿಕೊಂಡಿತು, ತಪ್ಪಾಗಲಿಲ್ಲ ಎಂದು ಲೆಲೆರುಕ್ ಸಮಾಧಾನಪಟ್ಟ. ಪೆಟ್ಟಿಗೆ ಹಾಡನ್ನು ಎತ್ತಿಕೊಂಡು ಹೋಗುತ್ತದೆ, ಬೋಗುಣಿಯನ್ನು ಎತ್ತಿಕೊಂಡು ಹೋಗುವುದಿಲ್ಲ ಅನ್ನುವುದು ಅವನಿಗೆ ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ. ಅವನು ಕಂಡ ಹಾಡುಗಳೆಲ್ಲ ನೀರಿನ ಜೊತೆಯೇ ಇದ್ದವು.

ಮುತುರಿ ಒಂದು ಕಾಗದ ತೆಗೆದ. ಹೆಬ್ಬೆಟ್ಟು ಒತ್ತಬೇಕು ಅಂದ. ಲೆಲೆರುಕ್ ಒತ್ತಿದ. ಲೆಲೆರುಕ್ ಹಾಡಿದ್ದು ತಿಳಿದು ಉಳಿದ ಹನ್ನೊಂದು ಮನೆತನದವರೂ ಆ ವಾರ ಒಬ್ಬೊಬ್ಬರಾಗಿ ಬೋಗುಣಿ ಹೊತ್ತು ಡೇರೆಗೆ ಹೋಗಿ, ಹಾಡಿ, ಹೆಬ್ಬೆಟ್ಟು ಒತ್ತಿ ಬಂದರು.

ಈಗ ಹೇಳಬೇಕಾದದ್ದು ಲಾರಿಯ ದಿನದ ಮಾತು.

ಬಂದೂಕು ವಶಪಡಿಸಿಕೊಳ್ಳುವ ಕಾರ್ಯಾಚರಣೆ ಅಂತ ಅದಕ್ಕೆ ಹೆಸರು. ಬಂದೂಕು ಇದ್ದವರು ಬೆಟ್ಟ ಹತ್ತಿ ಆಗಲೇ ವಾರವಾಗಿತ್ತು. ಹೊಳೆಯಲ್ಲಿ ಉಳಿದವರು ನೀರೆತ್ತುವವರು. ಹಿಂದಿನ ವರ್ಷಗಳಲ್ಲಿ ಸರ್ಕಾರದ ಪಡೆಯವರು ಬಂದಾಗ ದನ ಚದುರಿ ಕಾಡು ಸೇರುತ್ತಿದ್ದವು, ಬೂಟುಗಾಲಿನವರು ಓಡಿ ಓಡಿ ಬಿದ್ದು ಬರಿಗೈಯಲ್ಲಿ ಹೋಗುತ್ತಿದ್ದರು. ಅದನ್ನು ನೆನೆದು ಹೆಂಗಸರು ನಗುತ್ತಿದ್ದುದೂ ಉಂಟು.

ಆ ದಿನ ಯಾರೂ ಓಡಲಿಲ್ಲ. ಹೊಳೆಯ ತಿರುವಿನಲ್ಲಿ ಇಪ್ಪತ್ತು ಲಾರಿ ನಿಂತವು. ಮುಂದಿನ ಲಾರಿಯ ತಲೆಯ ಮೇಲೆ ನಾಲ್ಕು ಧ್ವನಿವರ್ಧಕ. ಲೆಲೆರುಕ್ ಆಗ ಬಾವಿಯಲ್ಲಿ ಕುಸಿದ ಮರಳು ಎತ್ತುತ್ತಿದ್ದ. ತೊಟ್ಟಿ ಒಣಗಿತ್ತು, ದನ ಎರಡು ದಿನದಿಂದ ಬಾಯಾರಿ ನಿಂತಿದ್ದವು. ಅವನಿಗೆ ಮೇಲಿನಿಂದ ತನ್ನದೇ ದನಿ ಕೇಳಿಸಿತು.

ಮೊದಲು ತಾನೇ ಹಾಡುತ್ತಿದ್ದೇನೆ ಎಂದು ಬಾಯಿ ಮುಟ್ಟಿ ನೋಡಿಕೊಂಡ. ಬಾಯಿ ಮುಚ್ಚಿತ್ತು. ಎರಡನೇ ಸಾಲು ಮುಗಿಯುವಾಗ ಸೊರ್ ಅಂತ ಕರು ನೀರು ಹೀರಿತು. ಆಗ ಗೊತ್ತಾಯಿತು.

ಅವನು ಮೆಟ್ಟಿಲು ಹತ್ತಿ ಮೇಲೆ ಬರುವ ಹೊತ್ತಿಗೆ ದನ ಹೊರಟಾಗಿತ್ತು. ಯಾರೂ ಹೊಡೆದು ಅಟ್ಟುತ್ತಿರಲಿಲ್ಲ. ಅವೇ ಹೋಗುತ್ತಿದ್ದವು, ಒಂದರ ಹಿಂದೊಂದು, ಮನೆಗೆ ಹೋಗುವ ಹಾಗೆ. ಲಾರಿಯ ಹಿಂಬದಿಗೆ ಹಲಗೆ ಹಾಕಿದ್ದರು. ಹಲಗೆ ಹತ್ತಿ ಒಳಗೆ ಹೋಗಿ ನೀರು ಹುಡುಕಿದವು. ಲೆಲೆರುಕ್ ಬೆತ್ತಲೆ ಮೈಯಲ್ಲೇ ಓಡಿದ, ಕೂಗಿದ. ಹಾಡು ನಾಲ್ಕು ಬಾಯಲ್ಲಿ ಬರುತ್ತಿತ್ತು, ಅವನಿಗಿದ್ದದ್ದು ಒಂದು ಬಾಯಿ. ಒಬ್ಬ ಪಡೆಯವನು ಬಂದೂಕಿನ ಹಿಡಿಯಿಂದ ಅವನ ಮಂಡಿಗೆ ಹೊಡೆದು, ಬಟ್ಟೆ ಹಾಕ್ಕೊಂಡು ಬಾರೋ ಮುದುಕ, ನಾಚಿಕೆ ಇಲ್ವಾ ಎಂದ. ಲೆಲೆರುಕ್‌ನವು ತುಂಬಿದ ಮೇಲೆ ಧ್ವನಿವರ್ಧಕ ಪಕ್ಕದ ಬಾವಿಯವನ ಹಾಡು ಎತ್ತಿತು. ಆಮೇಲೆ ಅದರಾಚೆಯವನದು.

ಪಟ್ಟಣದ ಹೊರಗಿನ ಕ್ಯಾಂಪಿನಲ್ಲಿ ಮುಳ್ಳುತಂತಿಯ ದೊಡ್ಡಿ ಮಾಡಿದ್ದರು. ಬಂದೂಕು ತಂದು ಒಪ್ಪಿಸು, ದನ ಬಿಡಿಸಿಕೊಂಡು ಹೋಗು ಎಂಬುದು ಅಲ್ಲಿನ ಕಾನೂನು. ಬಂದೂಕಿದ್ದವರು ಬಂದು ಒಪ್ಪಿಸಿದರು, ದನ ಹೊಡೆದುಕೊಂಡು ಹೋದರು. ಲೆಲೆರುಕ್‌ನ ಹತ್ತಿರ ಬಂದೂಕಿರಲಿಲ್ಲ. ಅವನ ಅಪ್ಪನ ಹತ್ತಿರವೂ ಇರಲಿಲ್ಲ. ಇಲ್ಲ ಅಂದದ್ದಕ್ಕೆ, ಬಚ್ಚಿಟ್ಟಿದ್ದಾನೆ ಎಂದು ಬರೆದುಕೊಂಡರು.

ಆರು ದಿನ ಅವನೂ ನಂಪಾಸೊಳೂ ತಂತಿಯ ಹೊರಗೆ ಕೂತರು. ನೀರಾದರೂ ಹಾಕ್ತೀವಿ, ಹೊತ್ತು ತರ್ತೀವಿ ಎಂದು ಬೇಡಿಕೊಂಡರು. ವಶಪಡಿಸಿಕೊಂಡ ಮಾಲಿಗೆ ಹೊರಗಿನವರು ಕೈ ಹಚ್ಚುವಂತಿಲ್ಲ ಎಂದರು. ದಿನಕ್ಕೆ ಒಂದು ಟ್ಯಾಂಕರು ಬರುತ್ತಿತ್ತು, ಮುಂದಿದ್ದವು ಕುಡಿದು ಹಿಂದಿದ್ದವು ಕುಡಿಯುವಷ್ಟರಲ್ಲಿ ಬರಿದಾಗುತ್ತಿತ್ತು. ನಾಲ್ಕನೇ ದಿನ ದನ ತಂತಿಗೆ ಬಿದ್ದು ಅರಚತೊಡಗಿದವು. ಆಗ ಕ್ಯಾಂಪಿನವರಿಗೆ ಒಂದು ಉಪಾಯ ಹೊಳೆಯಿತು. ಹಾಡು ಹಾಕಿದರು. ದನ ಸುಮ್ಮನಾದವು. ಧ್ವನಿವರ್ಧಕದ ಕಡೆ ಮುಖ ಮಾಡಿ, ನಾಲಿಗೆ ಹೊರಹಾಕಿ ಕಾಯುತ್ತ ನಿಂತವು. ಬೆಳಿಗ್ಗೆಯಿಂದ ಸಂಜೆಯವರೆಗೆ ಲೆಲೆರುಕ್ ಅವಕ್ಕೆ ನೀರು ಕೊಡುತ್ತೇನೆ ಕೊಡುತ್ತೇನೆ ಎಂದು ಹಾಡಿದ. ಎಷ್ಟೋ ದನ ನಿಂತಲ್ಲೇ ಮಂಡಿ ಮಡಚಿ ಬಿದ್ದವು. ಉಳಿದವನ್ನು ಕಸಾಯಿಗೆ ಹರಾಜು ಹಾಕಿದರು.

ಅವನಿಗೆ ಉಳಿದದ್ದು ಒಂಬತ್ತು. ಲಾರಿ ಬಂದಾಗ ನಂಪಾಸೊಳ ತಮ್ಮನ ಹತ್ತಿರ ಬೆಟ್ಟದಲ್ಲಿ ಮೇಯುತ್ತಿದ್ದವು ಅವು. ಅದರಲ್ಲಿ ದೊಡ್ಡದು ಮೋಟುಗೊಂಬಿ, ಹದಿನೈದು ವರ್ಷದ ಕಂದು ಹಸು.

ವಿಶ್ವವಿದ್ಯಾಲಯದಿಂದ ಕರೆ ಬಂದದ್ದು ಆಮೇಲೆ. ಹೊಸ ಕಟ್ಟಡದ ಉದ್ಘಾಟನೆ. ನೀವು ಬಂದು ಹಾಡಬೇಕು, ನಿಮಗೆ ಶಾಲು ಹೊದಿಸುತ್ತಾರೆ, ಬಸ್ಸಿನ ಟಿಕೇಟು ಕಳಿಸುತ್ತೇನೆ ಎಂದು ಮುತುರಿ ಫೋನಿನಲ್ಲಿ ಹೇಳಿದ. ಅವನ ದನಿ ಸ್ವಲ್ಪ ಕೆಳಗಿತ್ತು.

"ಹೋಗ್ಬೇಡ ಸಿಲಾಂಟೊಯ್ ಅಪ್ಪ," ಅಂದಳು ನಂಪಾಸೊ. ಸಿಲಾಂಟೊಯ್ ಅವರ ಮಗಳು. "ಹೋಗೋದಾದ್ರೆ ಅವನ ಕೈಗೆ ನಾನು ಹಚ್ಚಿದ ಕೊಬ್ಬು ವಾಪಸ್ ಇಸ್ಕೊಂಡು ಬಾ."

ಅವನು ಹೋದದ್ದು ಹಾಡನ್ನು ವಾಪಸ್ ಕೇಳಲು. ಅಳಿಸಿಬಿಡಿ ಅನ್ನುವುದು, ಅಷ್ಟೇ. ಒಂಬತ್ತು ಬದುಕಬೇಕಾದರೆ ಅವನು ಮತ್ತೆ ಬಾವಿಯಲ್ಲಿ ಬಾಯಿ ತೆರೆಯಬೇಕು. ಲಾರಿಯ ಬಾಯಲ್ಲಿ ತಾನು ಇರುವ ತನಕ ಅದು ಆಗುವ ಕೆಲಸವಲ್ಲ.

ಗೇಟಿನಲ್ಲಿ ಅವನ ದನದ ಕೋಲು ಕಿತ್ತುಕೊಂಡರು. ಆಯುಧ ಒಳಗೆ ಬಿಡುವುದಿಲ್ಲ ಎಂದರು. ಟಯರ್ ಚಪ್ಪಲಿ ಬಿಚ್ಚಿಸಿ ಬಡಿದು ನೋಡಿದರು. ಕಿವಿಯ ತೂತಿನ ಮಣಿಯನ್ನೂ ಒಬ್ಬ ಹುಡುಗಾಟಕ್ಕೆ ಎಳೆದು ನೋಡಿದ. ಒಳಗೆ ಹೋದರೆ ಸಭಾಂಗಣದ ಗೋಡೆಯುದ್ದಕ್ಕೂ ಗಾಜಿನ ಪೆಟ್ಟಿಗೆ, ಪೆಟ್ಟಿಗೆಯ ಒಳಗೆ ಬಂದೂಕು, ಹಾರುವ ಯಂತ್ರ, ಗುಂಡು. ಅವಕ್ಕೆ ದೀಪ ಬೇರೆ ಹಾಕಿದ್ದರು. ಅವನ ಕೋಲು ಗೇಟಿನ ಕಸದ ಬುಟ್ಟಿಯ ಪಕ್ಕ ಒರಗಿತ್ತು.

ಮುತುರಿ ಈಗ ದಪ್ಪಗಾಗಿದ್ದ. ಕೋಟು ಹಾಕಿದ್ದ. ತನ್ನ ಕೋಣೆಗೆ ಕರೆದುಕೊಂಡು ಹೋಗಿ ಚಹಾ ಕೊಟ್ಟ. ಲೆಲೆರುಕ್ ಚಹಾ ಮುಟ್ಟಲಿಲ್ಲ.

"ಅಳಿಸ್ಬಿಡು."

"ಅದು ನನ್ನ ಕೈಯಲ್ಲಿಲ್ಲ ಅಪ್ಪಯ್ಯ. ಪಡೆಯವರ ಹತ್ರ ಒಂದಿದೆ, ಕಡಲಾಚೆ ಇನ್ನೊಂದು ವಿಶ್ವವಿದ್ಯಾಲಯದಲ್ಲಿ ಒಂದಿದೆ. ಕಾಗದಕ್ಕೆ ನೀವು ಹೆಬ್ಬೆಟ್ಟು ಹಾಕಿದ್ರಿ."

"ನೀನು ಮೊಮ್ಮಕ್ಕಳಿಗೆ ಅಂದಿದ್ದೆ."

"ಹಾಗೇ ಅಂದ್ಕೊಂಡಿದ್ದೆ. ಹಾಡು ಕೂಡಿಡೋದಕ್ಕೆ ಯಾರೂ ದುಡ್ಡು ಕೊಡ್ಲಿಲ್ಲ. ಕಂಪ್ಯೂಟರ್ ಕೊಟ್ಟೋರು, ಕಟ್ಟಡ ಕೊಟ್ಟೋರು, ನನಗೆ ಕೆಲಸ ಕೊಟ್ಟೋರು ಈ ಪಡೆಯವರೇ. ರಕ್ತ ಬೀಳಲ್ಲ ಅಂದ್ರು. ಬಿತ್ತಾ ಹೇಳಿ?"

ಲೆಲೆರುಕ್ ಅವನ ಅಂಗೈ ಹಿಡಿದು ತಿರುಗಿಸಿ ನೋಡಿದ. ಬೊಬ್ಬೆಯ ಗುರುತೂ ಉಳಿದಿರಲಿಲ್ಲ.

ಇವತ್ತು ಹಾಡಿಬಿಡಿ, ಆಮೇಲೆ ನಮ್ಮ ಪ್ರೊಫೆಸರಮ್ಮನ ಹತ್ತಿರ ಅಳಿಸುವ ಮಾತು ಆಡುತ್ತೇನೆ, ಅವರ ಮಾತು ಮೇಲಿನವರು ಕೇಳುತ್ತಾರೆ ಎಂದ ಮುತುರಿ. ಆ ಒಂದು ಎಳೆ ಹಿಡಿದುಕೊಂಡು ಲೆಲೆರುಕ್ ಸಭೆಯಲ್ಲಿ ಕೂತ.

ಪ್ರೊಫೆಸರಮ್ಮನ ಹೆಸರು ಗಕೇನಿಯ, ದಪ್ಪ ಕನ್ನಡಕದ ಹೆಂಗಸು, ಒಳ್ಳೆಯ ದನಿ. ಜ್ಞಾನವೂ ರಾಷ್ಟ್ರರಕ್ಷಣೆಯೂ ಕೈಹಿಡಿದು ನಡೆಯುವ ದಿನ ಎಂದು ಮಾತಾಡಿದಳು. ಪರದೆಯ ಮೇಲೆ ಹೊಳೆಯ ನಕ್ಷೆ ಬಂತು. ಹನ್ನೆರಡು ಬಾವಿ ಹನ್ನೆರಡು ಕೆಂಪು ಚುಕ್ಕೆ. ಪಕ್ಕದಲ್ಲಿ ಹನ್ನೆರಡು ಹೆಬ್ಬೆಟ್ಟು, ಒಂದೊಂದೂ ತಟ್ಟೆಯಗಲ. ಸಮುದಾಯದ ಒಪ್ಪಿಗೆ ಎಂದಳು. ಲೆಲೆರುಕ್ ತನ್ನದನ್ನು ಗುರುತು ಹಿಡಿದ. ಬಕೆಟ್ಟಿನ ಅಂಚು ಕೊಯ್ದ ಗಾಯದ ಗೆರೆ ಅದರಲ್ಲಿತ್ತು.

ಆಮೇಲೆ ಪಡೆಯ ದೊಡ್ಡವನು ಎದ್ದ. ತಮಾಷೆಯ ಮನುಷ್ಯ. ಒಂದು ಗುಂಡು ಹಾರದೆ ನಾಲ್ಕು ನೂರು ದನ ಲಾರಿ ಹತ್ತಿದವು ಎಂದ. ಲೆಲೆರುಕ್‌ನ ಕಡೆ ಕೈತೋರಿ, ಈ ಮುದುಕನ ಗಂಟಲು ನನ್ನ ನಲವತ್ತು ಜವಾನರಿಗೆ ಸಮ, ಸಂಬಳ ಮಾತ್ರ ಕೇಳಿಲ್ಲ ಎಂದ. ಸಭೆ ನಕ್ಕಿತು. ಮುಂದಿನ ಒಣಗಾಲಕ್ಕೆ ಉತ್ತರದ ಎಲ್ಲ ಹೊಳೆಗಳ ಹಾಡೂ ನಮ್ಮ ಕೈಯಲ್ಲಿರುತ್ತದೆ ಎಂದ. ಚಪ್ಪಾಳೆ ಬಿತ್ತು. ಬೆಂಚಿನ ಕೊನೆಯಲ್ಲಿ ಕೂತಿದ್ದ ವಿದ್ಯಾರ್ಥಿಗಳೂ ತಟ್ಟಿದರು.

ಲೆಲೆರುಕ್‌ನನ್ನು ಮೇಲೆ ಕರೆದರು. ಶಾಲು ಹೊದಿಸಿದರು. ಮುಂದೆ ಕೊಕ್ಕಿನ ಯಂತ್ರ ಇಟ್ಟರು. ಮುತುರಿ ಪಕ್ಕದಲ್ಲಿ ನಿಂತ, ಸಾಂಬುರು ಮಾತನ್ನು ಸ್ವಾಹಿಲಿಗೆ ತಿರುಗಿಸಲು.

"ನೀರೆಲ್ಲಿ ಅಂತ ಕೇಳು," ಅಂದ ಲೆಲೆರುಕ್.

ಹಿರಿಯರು ನಿಮ್ಮ ಗೌರವಕ್ಕೆ ಕೃತಜ್ಞತೆ ಹೇಳುತ್ತಿದ್ದಾರೆ ಎಂದ ಮುತುರಿ.

ದನ ಮಾರಲು ಸಂತೆಗೆ ಹೋಗಿ ಬಂದವನಿಗೆ ಅಷ್ಟು ಸ್ವಾಹಿಲಿ ಗೊತ್ತಾಗದೆ ಇರುತ್ತದೆಯೇ. ಅವನು ಮುತುರಿಯನ್ನು ಮೊಣಕೈಯಿಂದ ಪಕ್ಕಕ್ಕೆ ಸರಿಸಿದ. "ನಾನು ಹಂಗೆ ಅನ್ಲಿಲ್ಲ. ನೀರೆಲ್ಲಿ ಅಂದೆ."

ಯಾರೋ ಬಾಟಲಿ ತಂದುಕೊಟ್ಟರು.

"ಇದು ನನ್ನ ಬಾಯಿಗೆ. ದನ ಎಲ್ಲಿ? ದನಕ್ಕೆ ನೀರೆಲ್ಲಿ? ನೀರಿಲ್ಲದ ಕಡೆ ನಾವು ಬಾಯಿ ತೆಗೆಯಲ್ಲ. ನೀವು ತೆಗೆಸಿದ್ರಿ. ನನ್ನ ದನ ನನ್ನ ದನಿ ಕೇಳ್ಕೊಂಡು, ನನ್ನ ನಂಬ್ಕೊಂಡು, ನಿಮ್ಮ ತಂತಿ ಒಳಗೆ ನಾಲಿಗೆ ಒಣಗಿ ಸತ್ವು. ಅವು ಸಾಯೋವಾಗ ನನ್ನೇ ಬೈದಿರ್ತವೆ, ನಿಮ್ಮನ್ನಲ್ಲ. ನೀವು ಯಾರು ಅಂತ ಅವಕ್ಕೆ ಗೊತ್ತೇ ಇಲ್ಲ."

ಪ್ರೊಫೆಸರಮ್ಮ ಎದ್ದು ಬಂದು ಅವನ ತೋಳು ಮುಟ್ಟಿ, ಹಿರಿಯರಿಗೆ ಆಯಾಸವಾಗಿದೆ, ಒಂದು ಸಾಲು ಸಾಕು ಎಂದಳು. ಮುತುರಿ ಕಿವಿಯಲ್ಲಿ, ಅಪ್ಪಯ್ಯ, ಹಾಡದೆ ಇದ್ರೆ ಅಳಿಸೋ ಮಾತು ಇನ್ನು ಎತ್ತೋಕೂ ಆಗಲ್ಲ ಎಂದ.

"ಹಾಡಲ್ಲ," ಅಂದ ಲೆಲೆರುಕ್. ಶಾಲು ತೆಗೆದು ಕೊಕ್ಕಿನ ಯಂತ್ರದ ಮೇಲೆ ಹೊದಿಸಿದ.

ಇಬ್ಬರು ಅವನ ರಟ್ಟೆ ಹಿಡಿದು ಹೊರಗೆ ನಡೆಸಿದರು. ಕಾರ್ಯಕ್ರಮದ ಕಾಗದದಲ್ಲಿ ಹಾಡು ಅಂತ ಅಚ್ಚಾಗಿತ್ತಲ್ಲ. ಬಾಗಿಲು ದಾಟುವಾಗ ಬೆನ್ನ ಹಿಂದೆ ಅವನೇ ಹಾಡತೊಡಗಿದ. ಎರಡನೇ ಸಾಲು, ಕರು ನೀರು ಹೀರಿದ ಸದ್ದು. ಚೆನ್ನಾಗಿ ಹಾಡಿದ. ಚಪ್ಪಾಳೆ ಗೇಟಿನವರೆಗೂ ಕೇಳಿಸಿತು.

ಊರಿಗೆ ಬಂದ ಮರುದಿನ ಲೆಲೆರುಕ್ ಒಂಬತ್ತು ದನವನ್ನೂ ದಡದ ಮೇಲೆ ಬಿಟ್ಟ. ತೊಟ್ಟಿ ಒಣಗಿತ್ತು. ಒಣ ತೊಟ್ಟಿಯ ಪಕ್ಕ ನಿಂತು ಹಾಡಿದ. ದನ ಇಳಿದು ಬಂದವು. ಮುಂದೆ ಮೋಟುಗೊಂಬಿ. ಅದು ತೊಟ್ಟಿಗೆ ಮೂತಿ ಇಟ್ಟಾಗ ಕೋಲು ಎತ್ತಿ ಮೂತಿಗೆ ಹೊಡೆದ.

ನಂಪಾಸೊ ಕಿರುಚಿಕೊಂಡು ಬಂದು ಕೋಲು ಹಿಡಿದಳು. "ಹೊಡೆಯೋದಾದ್ರೆ ನನ್ನ ಹೊಡಿ. ಅದೇನು ಮಾಡಿದೆ ನಿನಗೆ?"

"ನನ್ನ ದನಿ ನಂಬಿದೆ," ಅಂದ. "ನಂಬಿಕೆ ಬಿಡಿಸ್ಬೇಕು. ಅವರು ಅಳಿಸಲ್ಲ, ನಾನೇ ಅಳಿಸ್ಬೇಕು. ಕೋಲು ನೀನು ಹಿಡಿ. ಹಾಡೋದೂ ಹೊಡೆಯೋದೂ ಎರಡೂ ನನ್ನ ಕೈಲಿ ಆಗ್ತಿಲ್ಲ."

ಅವಳು ಕೋಲನ್ನು ಎಸೆದು ಮನೆಗೆ ಹೋದಳು. ಮೂರನೇ ದಿನ ತಾನೇ ಬಂದು ಎತ್ತಿಕೊಂಡಳು. ಐವತ್ತು ವರ್ಷ ಕಾಪಾಡಿದ ಮಾತನ್ನು ಅವನು ದಿನವೂ ಮುರಿದ. ನೀರಿಲ್ಲದೆ ಹಾಡಿದ. ದನ ಬಂದವು, ಅವಳು ಹೊಡೆದಳು. ಮೂತಿಗೆ, ಕಿವಿಗೆ, ಅಳುತ್ತ ಅಳುತ್ತ. ಮೋಟುಗೊಂಬಿ ಎಲ್ಲಕ್ಕಿಂತ ನಿಧಾನವಾಗಿ ಕಲಿಯಿತು. ಇಪ್ಪತ್ತು ದಿನ ಹೊಡೆತ ತಿಂದರೂ ಕರೆದಾಗ ಬಂತು. ಇಪ್ಪತ್ತೊಂದನೆಯ ದಿನ ಅವನು ಹಾಡು ಎತ್ತಿದಾಗ ಕಿವಿ ಮಡಚಿ ಹಿಂದಕ್ಕೆ ಹೆಜ್ಜೆ ಇಟ್ಟಿತು. ಆ ದಿನ ಲೆಲೆರುಕ್ ಊಟ ಮಾಡಲಿಲ್ಲ.

ಮೊದಲು ಹುಚ್ಚು ಹಿಡಿದಿದೆ ಅಂದವರು ಆಮೇಲೆ ಬಂದು ನೋಡಿದರು. ಒಬ್ಬೊಬ್ಬರಾಗಿ ತಮ್ಮ ಉಳಿದ ದನವನ್ನು ದಡಕ್ಕೆ ತಂದರು. ಆ ತಿಂಗಳು ಹೊಳೆಯುದ್ದಕ್ಕೂ ಹನ್ನೆರಡು ಮನೆತನದವರು ಒಣ ತೊಟ್ಟಿಯ ಮುಂದೆ ನಿಂತು ಅಪ್ಪಂದಿರ ಹಾಡು ಹಾಡಿ ಹಾಡಿ ತಮ್ಮ ದನಕ್ಕೆ ತಾವೇ ಹೊಡೆದರು. ನೀರೆತ್ತುವಾಗ ಬಾಯಿ ಮುಚ್ಚಿದರು. ಹಾಡಿಲ್ಲದೆ ಬಕೆಟ್ಟು ದಾರಿ ತಪ್ಪಿತು. ಎರಡು ಹಣೆ ಒಡೆದವು, ಒಬ್ಬನ ಬೆರಳು ಮುರಿಯಿತು. ಅರ್ಧ ದಿನದ ಕೆಲಸ ಇಡೀ ದಿನ ಹಿಡಿಯಿತು. ಒಂದೊಂದು ದನವನ್ನೂ ಮೈಮುಟ್ಟಿ ಕರೆತಂದು ಕುಡಿಸಬೇಕಾಯಿತು.

ಮುಂದಿನ ಒಣಗಾಲಕ್ಕೆ ಲಾರಿ ಬಂತು. ಈ ಸಲ ಮುತುರಿಯೂ ಬಂದಿದ್ದ, ಮುಂದಿನ ಲಾರಿಯಲ್ಲಿ, ತೊಡೆಯ ಮೇಲೆ ಯಂತ್ರ ಇಟ್ಟುಕೊಂಡು.

ಧ್ವನಿವರ್ಧಕ ನಾಲ್ಕು ಬಾಯಲ್ಲಿ ಲೆಲೆರುಕ್‌ನ ಹಾಡು ಎತ್ತಿತು. ದಡದ ಮೇಲಿನ ದನ ಒಮ್ಮೆಲೇ ತಲೆ ಎತ್ತಿದವು. ಮೋಟುಗೊಂಬಿ ಬಾಲ ಎತ್ತಿ ಓಡಿತು. ಅದರ ಹಿಂದೆ ಎಂಟೂ ಓಡಿದವು. ಬೇರೆ ಹಾಡು ಹಾಕಿದರು, ಬೇರೆಯವರ ದನ ಓಡಿದವು. ಹನ್ನೆರಡೂ ಹಾಕಿದರು. ದಡ ಖಾಲಿಯಾಯಿತು. ಧೂಳು ಮಾತ್ರ ನಿಂತಿತ್ತು. ಪಡೆಯವರು ಇಳಿದು ಓಡಿದರು, ಮುಳ್ಳುಪೊದೆಯಲ್ಲಿ ಬಿದ್ದರು, ಬೈದರು.

ಮುತುರಿ ಬಾವಿಯ ಹತ್ತಿರ ಬಂದ. ಒಳಗೆ ಐದು ಜನ ಒಬ್ಬರ ಮೇಲೊಬ್ಬರು ನಿಂತು ನೀರೆತ್ತುತ್ತಿದ್ದರು, ಒಂದು ಸೊಲ್ಲಿಲ್ಲ. ಮೂರನೇ ಮೆಟ್ಟಿಲಲ್ಲಿ ನಂಪಾಸೊ ನಿಂತಿದ್ದಳು. ಅವನು ಬಾವಿಯ ಅಂಚಿಗೆ ಬಗ್ಗಿ, "ಅಪ್ಪಯ್ಯ, ಈಗ ಯಾವ ಹಾಡು ಹಾಡ್ತೀರಿ?" ಎಂದು ಕೇಳಿದ.

ತಳದಿಂದ ಬಕೆಟ್ಟು ಬಂತು. ಲೆಲೆರುಕ್‌ನ ಕೈಯಿಂದ ಎರಡನೆಯವನ ಕೈಗೆ, ಅಲ್ಲಿಂದ ನಂಪಾಸೊಳ ಕೈಗೆ. ಮುತುರಿ ಏನು ತೋಚಿತೋ, ಕೋಟಿನ ತೋಳು ಮಡಚಿ ಎರಡೂ ಕೈ ಚಾಚಿದ. ನಂಪಾಸೊ ಅವನ ಮುಖ ನೋಡಿದಳು, ಅಂಗೈ ನೋಡಿದಳು. ಬಕೆಟ್ಟನ್ನು ತನ್ನ ಮೇಲಿನವನಿಗೆ ಕೊಟ್ಟಳು. ಅದು ಮುತುರಿಯ ಕೈ ದಾಟಿ ಹೋಯಿತು, ಒಂದು ಹನಿಯೂ ಚೆಲ್ಲಲಿಲ್ಲ.

ಹೊಳೆಯ ತಿರುವಿನಲ್ಲಿ ಲಾರಿ ಇನ್ನೂ ಹಾಡುತ್ತಲೇ ಇತ್ತು. ನಿಲ್ಲಿಸುವುದು ಹೇಗೆಂದು ಗೊತ್ತಿದ್ದವನು ಬಾವಿಯ ಅಂಚಿನಲ್ಲಿ ಕೈ ಚಾಚಿ ನಿಂತಿದ್ದ. ಎರಡನೇ ಸಾಲು ಮುಗಿಯಿತು. ಸೊರ್ ಅಂತ ಕರು ನೀರು ಹೀರಿತು.